ಪಾಲಿಶ್ ಯಂತ್ರ ಮತ್ತು ನಡುಗುವ ಕೈ



ನವರಾತ್ರಿ ಹತ್ತಿರ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಂಗಳಗಳಲ್ಲಿ ಒಂದು ಕೆಲಸ ಶುರುವಾಗುತ್ತದೆ. ಕತ್ತಿ, ಕುಡುಗೋಲು, ಹಾರೆ, ಗುದ್ದಲಿ ಎಲ್ಲ ಹೊರಗೆ ಬರುತ್ತವೆ. ಸೈಕಲ್, ಸ್ಕೂಟರ್, ಜೀಪು, ಕಾರುಗಳಿಗೂ ಸ್ನಾನವಾಗುತ್ತದೆ. ಆಯುಧಪೂಜೆಯ ದಿನ ಅವೆಲ್ಲ ಹೂವು ಮುಡಿದು ಸಾಲಾಗಿ ನಿಲ್ಲಬೇಕಲ್ಲ!

ನಮ್ಮ ಕಡೆಯ ಕಾರುಗಳಿಗೆ ಒಂದು ಸ್ನಾನ ಸಾಲದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಉಳಿದ ಕಡೆ ಅಷ್ಟಿಲ್ಲದಿದ್ದರೂ ನಾಲ್ಕು ತಿಂಗಳು ತೇವ ಆರುವುದಿಲ್ಲ. ಕಿಟಕಿಯ ರಬ್ಬರಿನ ಸಂದಿಯಲ್ಲಿ ಹಾವಸೆ ಬೆಳೆಯುತ್ತದೆ. ಹಲಸಿನ ಮರದ ಕೆಳಗೆ ನಿಲ್ಲಿಸಿದರೆ ಮೇಣ ತೊಟ್ಟಿಕ್ಕುತ್ತದೆ. ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಗಾಳಿ ಬೀಸಿದರೆ ಕಾರಿನ ನೆತ್ತಿಯ ಮೇಲೆ ನೀಲಿ-ಬಿಳಿ ಚುಕ್ಕೆ. ಅಡಿಕೆ ಬೇಯಿಸುವ ಕಾಲದಲ್ಲಿ ಚೊಗರಿನ ಕಲೆ. ಬೇಸಿಗೆಯಲ್ಲಿ ಕೆಂಪು ಧೂಳು. ಆ ಧೂಳನ್ನು ಒಣಬಟ್ಟೆಯಿಂದ ಗರಗರ ಒರೆಸುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಐದಾರು ವರ್ಷ ಹೀಗೇ ನಡೆದರೆ ಹೊಸದಾಗಿದ್ದಾಗ ಮುಖ ಕಾಣುತ್ತಿದ್ದ ಬಾನೆಟ್ ಮಂಜು ಕವಿದ ಕನ್ನಡಿಯಂತಾಗುತ್ತದೆ.

ಇದಕ್ಕೆ ಈಗ ಒಂದು ಕೈಯಂತ್ರ ಸಿಗುತ್ತದೆ. ಎರಡು-ಎರಡೂವರೆ ಕಿಲೋ ತೂಕ. ತುದಿಯಲ್ಲಿ ಸ್ಪಂಜಿನ ದುಂಡು ಪ್ಯಾಡ್. ಸ್ವಿಚ್ ಒತ್ತಿದರೆ ಗುಂಯ್ ಎಂದು ತಿರುಗಿ ಕಾರಿನ ಮೈ ಉಜ್ಜುತ್ತದೆ. ಹಲವು ಮನೆಗಳಿಗೆ ಇದು ಬಂದಿದೆ. ಬಂದ ಮನೆಗಳಲ್ಲಿ ಅರ್ಧದಷ್ಟು ಕಡೆ ಪೆಟ್ಟಿಗೆ ಬಿಚ್ಚಿಲ್ಲ ಎಂದು ನನ್ನ ಅಂದಾಜು. ಕಾರಣ ಹೆದರಿಕೆ. ಈ ವಾರ ಆ ಹೆದರಿಕೆಯ ಲೆಕ್ಕ ನೋಡೋಣ.

ಮೊದಲು ಒಂದು ಪ್ರಶ್ನೆ. ಹೊಳಪು ಎಂದರೇನು?

ತಿಳಿಯಾದ ಕೆರೆಯಲ್ಲಿ ಗುಡ್ಡ ತಲೆಕೆಳಗಾಗಿ ಕಾಣುತ್ತದೆ. ಗಾಳಿ ಬೀಸಿ ಅಲೆ ಎದ್ದರೆ ಗುಡ್ಡ ಮಾಯ. ನೀರು ಅದೇ, ಬೆಳಕೂ ಅದೇ. ಮೇಲ್ಮೈ ಸಮವಾಗಿದ್ದಾಗ ಬೆಳಕು ಒಟ್ಟಾಗಿ ಒಂದೇ ಕಡೆ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಏರುಪೇರಾದರೆ ದಿಕ್ಕಾಪಾಲಾಗಿ ಚದುರುತ್ತದೆ. ಕಾರಿನ ಬಣ್ಣವೂ ಹಾಗೆಯೇ. ಅದರ ಮೇಲೆ ಸಾವಿರಾರು ಸಣ್ಣ ಗೀರುಗಳಾದಾಗ ಬೆಳಕು ಚದುರಿ ಮಂಕಾಗಿ ಕಾಣುತ್ತದೆ. ಬಿಸಿಲಿನಲ್ಲಿ ನಿಂತ ಕಪ್ಪು ಕಾರನ್ನು ನೋಡಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯ ಹಾಗೆ ದುಂಡು ದುಂಡು ಗೆರೆ ಕಾಣುತ್ತವೆ. ಗೀರುಗಳು ನಿಜವಾಗಿ ಎಲ್ಲ ದಿಕ್ಕಿನಲ್ಲೂ ಇವೆ. ಬೆಳಕಿಗೆ ಅಡ್ಡ ಬಂದವು ಮಾತ್ರ ಮಿನುಗುವುದರಿಂದ ದುಂಡಗೆ ಕಾಣುತ್ತವೆ.

ಪಾಲಿಶ್ ಮಾಡುವುದೆಂದರೆ ಹೊಳಪನ್ನು ಹೊರಗಿನಿಂದ ತಂದು ಬಳಿಯುವುದು ಎಂದು ಅನೇಕರು ತಿಳಿದಿದ್ದಾರೆ. ಬಳಿಯುವುದು ಮೇಣದ ಕೆಲಸ. ಪಾಲಿಶ್ ಎಂದರೆ ಸವೆಸುವುದು. ದೊಡ್ಡ ಗೀರಿನ ಅಂಚುಗಳನ್ನು ಸಣ್ಣ ಕಣಗಳಿಂದ ಉಜ್ಜಿ, ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನಾಗಿ ಮಾಡುವುದು. ಅಜ್ಜಿ ಹಿತ್ತಾಳೆ ದೀಪವನ್ನು ಜರಡಿ ಹಿಡಿದ ಬೂದಿಯಿಂದ ಉಜ್ಜುವುದು ಇದೇ ವಿದ್ಯೆ. ಬೂದಿಯನ್ನು ಜರಡಿ ಹಿಡಿಯುವುದು ಯಾಕೆ? ಒಂದು ಮರಳಿನ ಹರಳು ಉಳಿದರೂ ದೀಪದ ಮೇಲೆ ಗೀರು ಬೀಳುತ್ತದೆ, ಅದಕ್ಕೆ. ನಮ್ಮ ಕಾಡಿನಲ್ಲಿ ಗರಗತ್ತಿ ಎಂಬ ಮರವಿದೆ. ಅದರ ಎಲೆ ಬೆಕ್ಕಿನ ನಾಲಿಗೆಯಂತೆ ತರಿತರಿ. ಮರಳುಕಾಗದ ಬರುವ ಮೊದಲು ಮರದ ಸಾಮಾನು, ಕೊಂಬು, ದಂತ ಉಜ್ಜಲು ಇಂಥ ಎಲೆಯೇ ಬಳಕೆಯಲ್ಲಿತ್ತು. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ನೋಡಿದವರಿಗೆ ಗೊತ್ತು, ಉಳಿಯ ಕೆಲಸ ಮುಗಿದ ಮೇಲೆ ಉಜ್ಜುವ ಕೆಲಸ ಎಷ್ಟು ತಾಳ್ಮೆಯದೆಂದು.

ಯಂತ್ರದಿಂದ ನಯ ಮಾಡುವುದೂ ಹೊಸತೇನಲ್ಲ. ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಸ್ಥಾನಕ್ಕೆ ಶಾಲೆಯ ಪ್ರವಾಸ ಹೋದಾಗ ಕಂಬಗಳನ್ನು ಗಮನಿಸಿ. ಕಲ್ಲನ್ನು ತಿರುಗಣೆಗೆ ಕೊಟ್ಟು ತಿರುಗಿಸುತ್ತಾ ಕಡೆದ ಕಂಬಗಳವು. ಬಳೆ ಬಳೆಯಾಗಿ, ಕೈಯಿಟ್ಟರೆ ಜಾರುವಷ್ಟು ನುಣುಪು. 11-12ನೇ ಶತಮಾನದ ಕೆಲಸ. ಅಷ್ಟು ಭಾರದ ಕಲ್ಲು ತಿರುಗುತ್ತಿರುವಾಗ ಮೊದಲ ಸಲ ಅದಕ್ಕೆ ಉಳಿ ತಾಗಿಸಿದ ಹುಡುಗನ ಎದೆ ಹೇಗೆ ಹೊಡೆದುಕೊಂಡಿರಬಹುದು!

ಈಗ ಕಾರಿಗೆ ಬರೋಣ. ಹೆದರಿಕೆಗೆ ಮದ್ದು ಅಳತೆ. ಕಾರಿನ ಬಣ್ಣ ಎಷ್ಟು ದಪ್ಪ?

ಒಂದು ಮಿಲಿಮೀಟರ್ ಎಂದರೆ 1,000 ಮೈಕ್ರಾನ್. ಜೆರಾಕ್ಸ್ ಅಂಗಡಿಯಲ್ಲಿ 500 ಹಾಳೆಯ ಒಂದು ಕಟ್ಟು ಇರುತ್ತದೆ. ಅದರ ದಪ್ಪವನ್ನು ಅಡಿಕೋಲಿನಿಂದ ಅಳೆಯಿರಿ. ಸುಮಾರು 5 ಸೆಂಟಿಮೀಟರ್, ಅಂದರೆ 50 ಮಿಲಿಮೀಟರ್. ಅದನ್ನು 500ರಿಂದ ಭಾಗಿಸಿ. ಒಂದು ಹಾಳೆ 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್. ಕಾರ್ಖಾನೆಯಿಂದ ಬಂದ ಕಾರಿನ ಬಣ್ಣದ ಎಲ್ಲ ಪದರ ಸೇರಿದರೂ ಹೆಚ್ಚುಕಡಿಮೆ ಇಷ್ಟೇ, 100ರಿಂದ 130 ಮೈಕ್ರಾನ್. ಒಂದು ಹಾಳೆಯಷ್ಟು!

ಅಷ್ಟರಲ್ಲೇ ನಾಲ್ಕು ಪದರ. ತಗಡಿಗೆ ಅಂಟಿಕೊಂಡು ತುಕ್ಕು ತಡೆಯುವ ಪದರ ಮೊದಲನೆಯದು. ಇಡೀ ಕಾರಿನ ಚೌಕಟ್ಟನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಅದನ್ನು ಹಿಡಿಸುತ್ತಾರೆ. ಅದರ ಮೇಲೆ ಪ್ರೈಮರ್. ಅದರ ಮೇಲೆ ನಮಗೆ ಕಾಣುವ ಕೆಂಪು, ನೀಲಿ, ಬೆಳ್ಳಿ ಬಣ್ಣ. ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇದು ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ನಿಮ್ಮ ತಲೆಯ ಒಂದು ಕೂದಲು ಸುಮಾರು 50ರಿಂದ 100 ಮೈಕ್ರಾನ್ ದಪ್ಪ. ಅಂದರೆ ನಾವು ಪಾಲಿಶ್ ಮಾಡುವ ಪದರ ಕೂದಲೆಳೆಗಿಂತ ತೆಳು.

ಇದನ್ನು ಕೇಳಿದರೆ ಹೆದರಿಕೆ ಹೆಚ್ಚಾಯಿತೇ? ತಾಳಿ, ಖರ್ಚಿನ ಕಡೆ ಇನ್ನೂ ನೋಡಿಲ್ಲ. ಮೃದುವಾದ ಸ್ಪಂಜು, ನಯವಾದ ಪಾಲಿಶ್ ಹಾಕಿ ಒಂದು ಸಲ ಯಂತ್ರ ಆಡಿಸಿದರೆ ಸವೆಯುವುದು ಒಂದು-ಎರಡು ಮೈಕ್ರಾನ್ ಮಾತ್ರ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಖಾತೆಯಲ್ಲಿ 40 ರೂಪಾಯಿ ಇದೆ, ಒಂದು ಸಲಕ್ಕೆ ತೆಗೆಯುವುದು ಒಂದೆರಡು ರೂಪಾಯಿ. ದಿವಾಳಿ ಆಗುವುದಿಲ್ಲ. ಆದರೆ ಈ ಖಾತೆಗೆ ಮತ್ತೆ ಜಮಾ ಇಲ್ಲ, ಬಡ್ಡಿಯೂ ಇಲ್ಲ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಇದೇ ಪದರ. ಆದ್ದರಿಂದ ಪೂರ್ತಿ ಹಿಂಪಡೆಯುವಂತಿಲ್ಲ. ಪ್ರತಿ ತಿಂಗಳು ಪಾಲಿಶ್ ಮಾಡುವವನು ದುಂದುಗಾರ. ಕೆಲವು ವರ್ಷಕ್ಕೊಮ್ಮೆ, ಬೇಕಾದಷ್ಟೇ ಮಾಡುವವನು ಜಾಣ.

ಈ ಲೆಕ್ಕ ಇಷ್ಟು ವಿವರವಾಗಿ ಯಾಕೆ ಹೇಳಿದೆನೆಂದರೆ, ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜ ಇದ್ದಾರೆ. ವಯಸ್ಸು 68. ಹೆಸರು ಬೇಡ. ಬೆಂಗಳೂರಿನ ಮಗ ಎರಡು ವರ್ಷದ ಹಿಂದೆ ಪಾಲಿಶ್ ಯಂತ್ರ ಕಳಿಸಿದ್ದ. ಅದು ಅಟ್ಟ ಸೇರಿತ್ತು. ಕಳೆದ ದಸರೆ ರಜೆಗೆ ಬಂದ ಮೊಮ್ಮಗಳು, ಏಳನೇ ತರಗತಿಯವಳು, ಅದನ್ನು ಕೆಳಗಿಳಿಸಿದಳು.

"ಬೇಡ ಮಗಾ, ಬಣ್ಣ ಎದ್ದು ಹೋದ್ರೆ ಎಂತ ಮಾಡೋದು?" ಎಂದರು ಅಜ್ಜ.

"ಹೋಗ್ತದಾ ಇಲ್ವಾ ಅಂತ ಕೇಳಿ ತಿಳ್ಕೊಂಡ್ರಾಯ್ತಲ್ಲ ಅಜ್ಜಾ" ಎಂದಳು ಅವಳು.

ಇಬ್ಬರೂ ನನ್ನ ಜಗಲಿಗೆ ಬಂದರು. ನಾನು ಮೆಕ್ಯಾನಿಕ್ ಅಲ್ಲ. ಆದರೆ ಯಂತ್ರದ ಹೆದರಿಕೆ ಎಂಥದ್ದೆಂದು ಹತ್ತಿರದಿಂದ ಕಂಡಿದ್ದೇನೆ. 1984ರಲ್ಲಿ ಡಾ. ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ ಬ್ಯಾಂಕುಗಳಿಗೆ ಯಂತ್ರ ತರುವ ಬಗ್ಗೆ ವರದಿ ಕೊಟ್ಟಿತು. ಅದರ ನಂತರದ ವರ್ಷಗಳಲ್ಲಿ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು. ಇಪ್ಪತ್ತು ವರ್ಷ ಲೆಡ್ಜರ್ ಬರೆದು ಒಂದು ಪೈಸೆ ತಪ್ಪದವರೂ ಅದರ ಕೀಲಿ ಒತ್ತಲು ಬೆರಳು ಹಿಂದೆಗೆಯುತ್ತಿದ್ದರು. ಆ ಹೆದರಿಕೆ ಹೋದದ್ದು ಭಾಷಣದಿಂದ ಅಲ್ಲ. ಕೆಲವು ಕಾಲ ಹಳೆ ಲೆಡ್ಜರೂ ನಡೆಯಿತು, ಯಂತ್ರವೂ ನಡೆಯಿತು. ಸಂಜೆ ಎರಡರ ಮೊತ್ತ ತಾಳೆ ನೋಡುತ್ತಿದ್ದರು. ದಿನಾ ತಾಳೆಯಾಗುವುದನ್ನು ಕಂಡು ಕಂಡು ಬೆರಳು ತಾನಾಗಿ ಮುಂದೆ ಹೋಯಿತು. ಹೋದರೂ ಹಾನಿಯಾಗದ ಜಾಗದಲ್ಲಿ ಮೊದಲು ಮಾಡಿ ನೋಡುವುದು, ಅಷ್ಟೇ ಗುಟ್ಟು.

ಹಾಗಾಗಿ ಮೊಮ್ಮಗಳಿಗೆ ಹೇಳಿದೆ: "ನೋಟ್ ಪುಸ್ತಕ ತೆಗಿ. ಎಡಗಡೆ ಅಜ್ಜನ ಹೆದರಿಕೆ ಬರಿ. ಬಲಗಡೆ ಅದಕ್ಕೆ ಉತ್ತರ. ಉತ್ತರ ಸಿಗದ್ದನ್ನು ಖಾಲಿ ಬಿಡು."

ಎಡಗಡೆಯ ಮೊದಲ ಸಾಲು: ಬಣ್ಣ ಎದ್ದರೆ?

ಉತ್ತರಕ್ಕೆ ಯಂತ್ರದ ಜಾತಿ ನೋಡಬೇಕು. ಎರಡು ಬಗೆಗಳಿವೆ. ಒಂದರಲ್ಲಿ ಪ್ಯಾಡ್ ನಡುವಿನ ಅಚ್ಚಿನ ಸುತ್ತ ಬುಗುರಿಯಂತೆ ಒಂದೇ ಸಮನೆ ತಿರುಗುತ್ತದೆ. ಎಷ್ಟು ಒತ್ತಿದರೂ ನಿಲ್ಲುವುದಿಲ್ಲ. ಒಂದೇ ಕಡೆ ನಿಂತರೆ ತಿಕ್ಕಾಟದ ಬಿಸಿ ಏರಿ ಬಣ್ಣ ಸುಡುತ್ತದೆ. ತಿಕ್ಕಾಟದ ಬಿಸಿ ಸಣ್ಣದಲ್ಲ. ಚನ್ನಪಟ್ಟಣದ ಗೊಂಬೆ ಮಾಡುವವರು ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಬೆಂಕಿಯಿಲ್ಲದೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆ ಬಿಸಿಯೇ ಅವರಿಗೆ ಬಣ್ಣ ಹಾಕುವ ಉಪಾಯ. ಕಾರಿಗೆ ಅದೇ ಅಪಾಯ. ಈ ಬಗೆಯ ಯಂತ್ರ ಪಳಗಿದ ಕೈಗೆ ಮಾತ್ರ.

ಇನ್ನೊಂದಕ್ಕೆ ಡ್ಯುಯಲ್ ಆಕ್ಷನ್ ಎನ್ನುತ್ತಾರೆ. ಇದರ ಪ್ಯಾಡ್ ತನ್ನ ಸುತ್ತ ತಾನು ತಿರುಗುತ್ತಾ, ಜೊತೆಗೆ ಸಣ್ಣ ವೃತ್ತದಲ್ಲಿ ಓಲಾಡುತ್ತದೆ. ಭೂಮಿ ತಾನು ತಿರುಗುತ್ತಾ ಸೂರ್ಯನನ್ನೂ ಸುತ್ತುವ ಹಾಗೆ. ಆ ಓಲಾಟ 8 ಮಿಲಿಮೀಟರ್, 15 ಮಿಲಿಮೀಟರ್ ಹೀಗೆ ಬೇರೆ ಬೇರೆ ಅಳತೆಯದು. ಒಂದೇ ಬಿಂದುವನ್ನು ಒಂದೇ ಸಮನೆ ಉಜ್ಜದಿರುವುದರಿಂದ ಬಿಸಿ ಕಡಿಮೆ. ಸಾಮಾನ್ಯ ಮಾದರಿಗಳಲ್ಲಿ ಜೋರಾಗಿ ಒತ್ತಿದರೆ ಪ್ಯಾಡಿನ ತಿರುಗಾಟ ನಿಂತು ಬರೀ ಅಲುಗಾಟ ಉಳಿಯುತ್ತದೆ. ಹೊಸಬನ ತಪ್ಪನ್ನು ಅರ್ಧ ಇದೇ ಮನ್ನಿಸುತ್ತದೆ. ಅಜ್ಜನ ಪೆಟ್ಟಿಗೆಯಲ್ಲಿ ಇದ್ದದ್ದು ಈ ಬಗೆಯದು. ಮೊಮ್ಮಗಳು ಬಲಗಡೆ ಬರೆದಳು: "ನಮ್ಮದು ಸಾಧು."

ಎರಡನೇ ಸಾಲು: ಯಂತ್ರ ಕೈತಪ್ಪಿದರೆ?

ಇದಕ್ಕೆ ಅಭ್ಯಾಸವೇ ಉತ್ತರ. ಬೀದಿಯ ತುದಿಯ ಗ್ಯಾರೇಜಿನಲ್ಲಿ ಗುಜರಿಗೆ ಹಾಕಿದ್ದ ಹಳೆಯ ಬಾನೆಟ್ ಒಂದು ಸಿಕ್ಕಿತು. ಎರಡು ಬೆಂಚಿನ ಮೇಲೆ ಅದನ್ನು ಮಲಗಿಸಿದೆವು. ಮೊದಲು ವಿದ್ಯುತ್ ಕೊಡದೆ, ಯಂತ್ರ ಹಿಡಿದು ಬರೀ ಕೈ ಆಡಿಸುವುದು. ಎಡದಿಂದ ಬಲಕ್ಕೆ ಸಾಲು, ಮುಂದಿನ ಸಾಲು ಹಿಂದಿನದರ ಅರ್ಧ ಮುಚ್ಚುವಂತೆ. ಗದ್ದೆ ಉತ್ತ ಹಾಗೆ. ನಂತರ ಮೇಲಿನಿಂದ ಕೆಳಕ್ಕೆ ಅಡ್ಡಸಾಲು. ವೇಗ ಎಷ್ಟು? ಶಾಲೆಯ ಅಡಿಕೋಲಿನ 30 ಸೆಂಟಿಮೀಟರ್ ದಾಟಲು ಹತ್ತು ಸೆಕೆಂಡು. ಮೊಮ್ಮಗಳು ಒಂದು, ಎರಡು ಎಂದು ಎಣಿಸಿದಳು. ಹೆದರಿದವರ ಕೈ ಓಡುತ್ತದೆ. ಎಣಿಸುವವರಿದ್ದರೆ ನಿಧಾನವಾಗುತ್ತದೆ.

ಪ್ಯಾಡಿನ ಹಿಂದಿನ ತಟ್ಟೆಯ ಅಂಚಿಗೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದೆವು. ಯಂತ್ರ ನಡೆಯುವಾಗ ಗೆರೆ ಸುತ್ತುತ್ತಿದ್ದರೆ ಒತ್ತಡ ಸರಿ. ಗೆರೆ ನಿಂತರೆ ಒತ್ತಡ ಹೆಚ್ಚು, ಇಲ್ಲವೇ ಪ್ಯಾಡ್ ಓರೆಯಾಗಿದೆ. ಇನ್ನೊಂದು ನಿಯಮ: ಪ್ಯಾಡನ್ನು ಮೈಗೆ ತಾಗಿಸಿಯೇ ಸ್ವಿಚ್ ಹಾಕಬೇಕು, ಸ್ವಿಚ್ ಆರಿಸಿ ನಿಂತ ಮೇಲೆಯೇ ಎತ್ತಬೇಕು. ಗಾಳಿಯಲ್ಲಿ ಚಾಲೂ ಮಾಡಿದರೆ ಪಾಲಿಶ್ ಅಂಗಳದ ತುಳಸಿಕಟ್ಟೆಯವರೆಗೆ ಸಿಡಿಯುತ್ತದೆ.

ಮೂರನೇ ಸಾಲು: ಶಾಕ್ ಹೊಡೆದರೆ?

ಇದು ಒಳ್ಳೆಯ ಹೆದರಿಕೆ, ಇರಲೇಬೇಕು. ನೆಲ ಒದ್ದೆಯಿರಬಾರದು. ಕಾರು ತೊಳೆದ ಜಾಗದಲ್ಲೇ ನಿಂತು ಪಾಲಿಶ್ ಮಾಡಬಾರದು. ಚಪ್ಪಲಿ ಅಥವಾ ಶೂ ಬೇಕು. ವೈರ್ ಸುಲಿದಿರಬಾರದು, ಅದನ್ನು ಭುಜದ ಮೇಲಿಂದ ಹಿಂದಕ್ಕೆ ಬಿಡಬೇಕು. ಸೀರೆಯ ಸೆರಗು, ದುಪ್ಪಟ್ಟಾ, ಬಿಚ್ಚಿದ ಕೂದಲು, ಪಂಚೆಯ ತುದಿ ಯಾವುದೂ ಯಂತ್ರದ ಹತ್ತಿರ ಸುಳಿಯಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ನಮ್ಮ ಕಡೆಯವರಿಗೆ ವಿಶೇಷವಾಗಿ ಒಂದು ಮಾತು: ಕರೆಂಟ್ ಹೋದ ಕೂಡಲೇ ಯಂತ್ರದ ಸ್ವಿಚ್ ಆರಿಸಿ. ಇಲ್ಲದಿದ್ದರೆ ನೀವು ಚಹಾ ಕುಡಿಯುತ್ತಿರುವಾಗ ಕರೆಂಟ್ ಬಂದು, ಬಾನೆಟ್ ಮೇಲೆ ಇಟ್ಟ ಯಂತ್ರ ತಾನೇ ಹೊರಟುಬಿಡುತ್ತದೆ!

ನಾಲ್ಕನೇ ಸಾಲು: ಕಾರು ಹಾಳಾದರೆ ಮನೆಯವರು ಏನೆನ್ನುತ್ತಾರೆ?

ಮೊಮ್ಮಗಳು ಅಲ್ಲೇ ಅಪ್ಪನಿಗೆ ಫೋನ್ ಹಚ್ಚಿದಳು. "ಹಾಳಾದ್ರೆ ಆಗ್ಲಿ, ಬಣ್ಣ ಹೊಡೆಸಿದ್ರಾಯ್ತು" ಎಂಬ ಉತ್ತರ ಬಂತು. ಬಲಗಡೆ ಬರೆದೂ ಆಯಿತು. ಆದರೆ ಅಜ್ಜನ ಮುಖ ಸಡಿಲವಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ ಹೇಳಿದರು: "ಅವಳನ್ನ ಮಣಿಪಾಲಕ್ಕೆ ಕರ್ಕೊಂಡು ಹೋಗಿ ಬಂದಿದ್ದು ಇದೇ ಕಾರಲ್ಲಿ ಮಾರಾಯ್ರೇ."

ಅವಳು ಎಂದರೆ ಅವರ ಹೆಂಡತಿ. ಎರಡು ವರ್ಷ, ತಿಂಗಳಿಗೊಮ್ಮೆ, ಹೊಸನಗರ, ನಗರ ದಾಟಿ ಹುಲಿಕಲ್ ಘಾಟಿ ಇಳಿದು ಹೋಗಿ ಬಂದಿದ್ದರು. ಈಗ ಅವರಿಲ್ಲ. ಎಡಗಡೆಯ ಐದನೇ ಸಾಲು ಇದು. ಬಣ್ಣ ಮತ್ತೆ ಹೊಡೆಸಬಹುದು ಎಂಬುದು ಇದಕ್ಕೆ ಉತ್ತರವಾಗುವುದಿಲ್ಲ. ಮೊಮ್ಮಗಳು ಪೆನ್ನು ಹಿಡಿದವಳು ಏನೂ ಬರೆಯಲಿಲ್ಲ. ಬಲಗಡೆ ಖಾಲಿ ಬಿಟ್ಟಳು.

ಅಜ್ಜ-ಅಜ್ಜಿಯರೇ, ನಾವು ಹೊಸ ಯಂತ್ರಕ್ಕೆ ಹೆದರುತ್ತೇವೆ ಎಂದು ಮಕ್ಕಳು ನಗುತ್ತಾರೆ. ಎಷ್ಟೋ ಸಲ ನಮ್ಮ ಹೆದರಿಕೆ ಯಂತ್ರದ್ದೇ ಆಗಿರುವುದಿಲ್ಲ. ಯಂತ್ರ ತಾಗುವ ವಸ್ತು ನಮಗೆ ಯಾವುದರ ನೆನಪು ಎಂಬುದರಲ್ಲಿ ಅದು ಅಡಗಿರುತ್ತದೆ. ಮಕ್ಕಳೇ, ಹಿರಿಯರು "ಬೇಡ" ಎಂದರೆ ಇನ್ನೊಂದು ಸಲ ಮೆಲ್ಲಗೆ ಕೇಳಿ. ಒಳಗೆ ಬೇರೆಯೇ ಮಾತು ಇರಬಹುದು.

ಮೂರು ದಿನ ಗುಜರಿ ಬಾನೆಟ್ ಮೇಲೆ ಅಭ್ಯಾಸ ನಡೆಯಿತು. ಒಂದು ದಿನ ಬೇಕೆಂದೇ ಅದರ ಚೂಪಾದ ಅಂಚಿನ ಮೇಲೆ ಗಟ್ಟಿಯಾಗಿ, ಬಹಳ ಹೊತ್ತು ಯಂತ್ರ ಆಡಿಸಿದೆವು. ಕೊನೆಗೆ ಅಂಚಿನಲ್ಲಿ ಪ್ರೈಮರಿನ ಬೂದುಗೆರೆ ಇಣುಕಿತು. ಹೆದರುತ್ತಿದ್ದ ಹಾನಿ ಹೇಗಿರುತ್ತದೆ, ಅದು ಆಗಲು ಎಷ್ಟು ಕೆಟ್ಟದಾಗಿ ಮಾಡಬೇಕು ಎಂದು ಅಜ್ಜ ಕಣ್ಣಾರೆ ಕಂಡರು. ಅವತ್ತಿನಿಂದ ಅವರ ಕೈ ನಿಂತಿತು. ಅಂಚಿನಲ್ಲಿ ಬಣ್ಣ ತೆಳುವಾಗಿರುತ್ತದೆ, ಪ್ಯಾಡಿನ ಭಾರವೆಲ್ಲ ಅಲ್ಲೇ ಬೀಳುತ್ತದೆ ಎಂಬ ಪಾಠವೂ ಆಯಿತು.

ನಾಲ್ಕನೇ ದಿನ ಕಾರು. ಹೊತ್ತು ಏರುವ ಮೊದಲು, ನೆರಳಿನಲ್ಲಿ. ಕಾದ ತಗಡಿನ ಮೇಲೆ ಪಾಲಿಶ್ ಬೇಗ ಒಣಗುತ್ತದೆ. ಮೊದಲು ಶಾಂಪೂ ಹಾಕಿ ತೊಳೆದರು, ಒಂದು ಬಕೆಟ್ ಸಾಬೂನು ನೀರಿಗೆ, ಇನ್ನೊಂದು ಬಟ್ಟೆ ಜಾಲಿಸಲು. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗಾದ ಮೇಲೆ ಒರೆಸಿ ಮತ್ತೆ ತೊಳೆದರು. ನಂತರ ಮೊಮ್ಮಗಳು ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಸವರಿದಳು. ಬರಿಗೈಗೆ ನಯವಾಗಿದ್ದದ್ದು ಚೀಲದೊಳಗಿನ ಬೆರಳಿಗೆ ತರಿತರಿ ಎಂದಿತು. ಬಣ್ಣಕ್ಕೆ ಕಚ್ಚಿಕೊಂಡ ಕೊಳೆ ಅದು. ಅದಕ್ಕೆಂದೇ ಸಿಗುವ ಜೇಡಿಯಂಥ ಬಾರನ್ನು ಸಾಬೂನು ನೀರು ಚಿಮುಕಿಸಿ ಮೆಲ್ಲಗೆ ಆಡಿಸಿದರೆ ಬಿಡುತ್ತದೆ. ಕೊಳೆ ಬಿಡಿಸದೆ ಪಾಲಿಶ್ ಮಾಡಿದರೆ ಜರಡಿ ಹಿಡಿಯದ ಬೂದಿಯಿಂದ ದೀಪ ಉಜ್ಜಿದ ಹಾಗೆ.

ಕಾರು ಮತ್ತು ನೆಲ ಎರಡೂ ಒಣಗಿದ ಮೇಲೆ ಅಂಚು, ಮಡಿಕೆ, ಕಪ್ಪು ಪ್ಲಾಸ್ಟಿಕ್, ರಬ್ಬರುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದರು. ಹಿಂದಿನ ಡಿಕ್ಕಿಯ ಬಾಗಿಲಿನಲ್ಲಿ ಒಂದೂವರೆ ಅಡಿ ಚೌಕ ಆರಿಸಿಕೊಂಡರು. ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಹನಿ ಪಾಲಿಶ್. ಕಡಿಮೆ ವೇಗದಲ್ಲಿ ಹರಡಿ, ಆಮೇಲೆ ವೇಗ ಸ್ವಲ್ಪ ಏರಿಸಿ, ಗದ್ದೆ ಉತ್ತಂತೆ ಸಾಲು, ಅಡ್ಡಸಾಲು. ನಿಲ್ಲಿಸಿ, ಮೃದು ಬಟ್ಟೆಯಿಂದ ಒರೆಸಿ, ಟಾರ್ಚ್ ಹಿಡಿದು ನೋಡಿದರು. ಚೌಕದ ಹೊರಗೆ ಜೇಡರ ಬಲೆ. ಒಳಗೆ ಟಾರ್ಚಿನ ಒಂದೇ ಚುಕ್ಕೆ.

"ಅಜ್ಜಾ, ನನ್ ಮುಖ ಕಾಣ್ತದೆ!" ಎಂದಳು ಮೊಮ್ಮಗಳು.

ಒಂದು ಚೌಕ ಸರಿಯಾದರೆ ಉಳಿದದ್ದು ಅದರ ಗುಣಾಕಾರ. ಎರಡು ದಿನ ಬೆಳಿಗ್ಗೆ ಸ್ವಲ್ಪ ಸ್ವಲ್ಪ ಮಾಡಿ ಮುಗಿಸಿದರು. ಈ ವಯಸ್ಸಿನಲ್ಲಿ ಅರ್ಧ ಗಂಟೆಗೊಮ್ಮೆ ಕೈಗೆ ವಿಶ್ರಾಂತಿ ಬೇಕು, ಅಲುಗುವ ಯಂತ್ರದಿಂದ ಬೆರಳು ಜೋಮು ಹಿಡಿಯುತ್ತದೆ. ಕೊನೆಗೆ ಉಳಿದದ್ದು ಮುಂದಿನ ಎಡಬಾಗಿಲು. ಅದರ ಹಿಡಿಕೆಯ ಹಿಂದಿನ ಗುಳಿಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. ಬಾಗಿಲು ತೆಗೆಯುವಾಗ ಉಗುರು, ಬಳೆ ತಾಗಿ ಆಗುವ ಗೀರು.

"ಇದನ್ನೂ ಉಜ್ಜಬೇಕಾ ಅಜ್ಜಾ?"

"ಅದು ಇರ್ಲಿ ಮಗಾ" ಎಂದರು ಅಜ್ಜ. ಅವಳು ಯಾಕೆಂದು ಕೇಳಲಿಲ್ಲ. ಗುಳಿಗೆ ಟೇಪ್ ಅಂಟಿಸಿ, ಸುತ್ತಲಿನ ಬಾಗಿಲನ್ನಷ್ಟೇ ಅಜ್ಜನ ಕೈಗೆ ಬಿಟ್ಟಳು.

ಯಂತ್ರ ಬಳಸಲು ಕಲಿತವರು ಎಲ್ಲಿ ಬಳಸಬಾರದೆಂದೂ ಕಲಿಯಬೇಕು. ಉಗುರು ಆಡಿಸಿದಾಗ ತಡೆಯುವಷ್ಟು ಆಳದ ಗೀರನ್ನು ಪಾಲಿಶ್‌ನಿಂದ ಪೂರ್ತಿ ತೆಗೆಯಲು ಹೋಗಬೇಡಿ, ಖಾತೆ ಬರಿದಾಗುತ್ತದೆ. ಬಣ್ಣ ಹೊಪ್ಪಳಿಕೆ ಏಳುತ್ತಿರುವ ಜಾಗ, ತುಕ್ಕು ಹಿಡಿದ ಜಾಗ, ಮತ್ತೆ ಬಣ್ಣ ಹೊಡೆಸಿ ಇನ್ನೂ ಒಣಗುತ್ತಿರುವ ಜಾಗ ಮುಟ್ಟಬೇಡಿ. ತುಂಬ ಹಳೆಯ ಕೆಲವು ಕಾರುಗಳಲ್ಲಿ ಕ್ಲಿಯರ್ ಕೋಟ್ ಇರುವುದಿಲ್ಲ. ಉಜ್ಜಿದಾಗ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತುತ್ತದೆ. ಅದು ಸಹಜ, ಗಾಬರಿ ಬೇಡ. ಆದರೆ ಇನ್ನೂ ಹಗುರ ಕೈ ಬೇಕು. ಪ್ಯಾಡ್ ನೆಲಕ್ಕೆ ಬಿದ್ದರೆ ತೊಳೆಯದೆ ಮತ್ತೆ ಬಳಸಬೇಡಿ. ಒಂದು ಮರಳಿನ ಹರಳು ಸಾಕು. ಮಕ್ಕಳೇ, ಯಂತ್ರ ಹಿಡಿಯುವುದು ದೊಡ್ಡವರ ಕೆಲಸ. ನಿಮ್ಮದು ಟಾರ್ಚ್, ಟೇಪ್, ಎಣಿಕೆ, ಮತ್ತು ಸ್ವಿಚ್ ಬೋರ್ಡಿನ ಕಾವಲು. ನಾಲ್ಕೂ ಸಣ್ಣ ಕೆಲಸಗಳಲ್ಲ.

ಈ ವಾರದ ಮಾಡಿ ನೋಡಿ: ಮನೆಯ ಹಳೆಯ ಸ್ಟೀಲ್ ತಟ್ಟೆ ಮತ್ತು ಒಂದು ಟಾರ್ಚ್ ತೆಗೆದುಕೊಳ್ಳಿ. ಕತ್ತಲ ಕೋಣೆಯಲ್ಲಿ ತಟ್ಟೆಯ ಮೇಲೆ ಬೆಳಕು ಬಿಡಿ. ಚುಕ್ಕೆಯ ಸುತ್ತ ದುಂಡು ಗೆರೆಗಳು ಕಾಣುತ್ತವೆಯೇ? ಟಾರ್ಚನ್ನು ಪಕ್ಕಕ್ಕೆ ಸರಿಸಿ. ದುಂಡುಗೆರೆಗಳೂ ಜೊತೆಗೆ ಸರಿಯುತ್ತವೆ. ಗೀರುಗಳು ಇದ್ದಲ್ಲೇ ಇದ್ದರೂ ಹೀಗಾಗುವುದು ಯಾಕೆಂದು ಮೇಲೆ ಹೇಳಿದ್ದೇನೆ. ಹುಡುಕಿ, ಅಜ್ಜನಿಗೋ ಅಜ್ಜಿಗೋ ವಿವರಿಸಿ. ಆಮೇಲೆ ಇನ್ನೊಂದು ಕೆಲಸ. ಅಟ್ಟದ ಮೇಲೆ ಬಿಚ್ಚದೆ ಕುಳಿತ ಪೆಟ್ಟಿಗೆ ಯಾವುದಾದರೂ ಇದೆಯೇ ಎಂದು ಅವರನ್ನು ಕೇಳಿ. ಇದ್ದರೆ ನೋಟ್ ಪುಸ್ತಕದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಅವರು ಹೇಳಲಿ, ಬಲಗಡೆ ಇಬ್ಬರೂ ಸೇರಿ ಹುಡುಕಿ. ಖಾಲಿ ಉಳಿದ ಸಾಲನ್ನು ಅಳಿಸಬೇಡಿ.